ಆನೆ ದ್ವೀಪದಲ್ಲಿ ನಾಲ್ಕು ದಿನ

ಮಾರ್ಚ್ 4, ಸೋಮವಾರ

ಅಮ್ಮ ಬಿಳಿಬಟ್ಟೆ ಉಡುತ್ತಾಳಂತೆ. ಬೆಳಿಗ್ಗೆ 5.40ಕ್ಕೆ ಗಂಜಿಗೆ ಉಪ್ಪುಮೊಟ್ಟೆ ಒಡೆದು ಹಾಕುತ್ತಾ, ಸಂತೆಗೆ ಹೋಗಿ ಬರುತ್ತೇನೆ ಅನ್ನುವ ದನಿಯಲ್ಲಿ ಹೇಳಿದಳು.

“ಜಿವ್, ವೈಶಾಖ ಹುಣ್ಣಿಮೆ ದಿನ ತಲೆ ಬೋಳಿಸ್ಕೊಂಡು ವಿಹಾರ ಸೇರ್ಕೊಂಡ್ಬಿಡ್ತೀನಿ. ಅಲ್ಲಿನ ಹಿರಿಯಮ್ಮನ ಹತ್ರ ಮಾತಾಡಿ ಆಯ್ತು.”

“ಎಷ್ಟು ದಿನಕ್ಕೆ?”

“ದಿನದ ಲೆಕ್ಕ ಇಲ್ಲ ಮಗಳೆ. ಪೂರ್ತಿಗೆ.”

ಗಡಿಯಾರ ನೋಡಿದೆ. 5.43. ಏಳು ನಿಮಿಷದಲ್ಲಿ ಮನೆ ಬಿಡಬೇಕಿತ್ತು. “ಸಂಜೆ ಮಾತಾಡೋಣ” ಎಂದು ಚಪ್ಪಲಿ ಮೆಟ್ಟಿಕೊಂಡು ಬಂದೆ. ಮೊದಲ ದೋಣಿಗೆ ಸೀಟಿ ಊದುವಾಗ ಉಸಿರೇ ಸಾಲಲಿಲ್ಲ. ನೊಂತಬುರಿಯ ಈ ನದಿ ಜೆಟ್ಟಿಯಲ್ಲಿ ದೋಣಿ ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಇವತ್ತು ಒಂದೇ ದೋಣಿಯನ್ನು ಎರಡು ಸಲ ಬರೆದಿದ್ದೇನೆ.

ಸಂಜೆ ಮಾತಾಡಲಿಲ್ಲ. ನಾನು ಬರುವಷ್ಟರಲ್ಲಿ ಅಮ್ಮ ಟಿವಿ ಮುಂದೆ ನಿದ್ದೆ ಹೋಗಿದ್ದಳು. ಅಪ್ಪ ಹೋಗಿ ಮೂರು ವರ್ಷ, ನನ್ನ ಗಂಡ ಅನ್ನಿಸಿಕೊಂಡವನು ಹೋಗಿ ಒಂಬತ್ತು. ಅಪ್ಪ ಸತ್ತು, ಇವನು ಬದುಕಿಕೊಂಡೇ. ಈಗ ಇವಳೂ ಹೊರಟರೆ ಈ ಮನೆಯಲ್ಲಿ ನಾನು ಯಾರ ಮೇಲೆ ರೇಗಲಿ?

ಮಾರ್ಚ್ 7, ಗುರುವಾರ

ಉಪಾಯ ಹೊಳೆದಿದೆ. ಮನುಷ್ಯರಿಗೆ ವೈರಾಗ್ಯ ಬರುವುದು ದಣಿವಿನಿಂದ. ಅಮ್ಮ ಅರವತ್ತೇಳು ವರ್ಷದಲ್ಲಿ ಒಂದು ದಿನವೂ ಕಾಲು ಚಾಚಿ ಕೂತವಳಲ್ಲ. ನಾಲ್ಕು ದಿನ ಸಮುದ್ರದ ದಂಡೆಯಲ್ಲಿ ಒರಗು ಕುರ್ಚಿಯಲ್ಲಿ ಮಲಗಿಸಿ, ಎಳನೀರು ಕುಡಿಸಿ, ಕಾಲು ಒತ್ತಿಸಿದರೆ ಈ ಬೋಳುತಲೆಯ ಹುಚ್ಚು ತಾನಾಗಿ ಇಳಿಯುತ್ತದೆ.

“ಅಮ್ಮ, ರಜ ಹಾಕ್ತೀನಿ. ಸಮುದ್ರಕ್ಕೆ ಹೋಗೋಣ. ಯಾವ ದ್ವೀಪ ಬೇಕು ಹೇಳು.”

“ನಿಂಗೆ ಸುಮ್ನೆ ತೊಂದ್ರೆ.”

“ತೊಂದ್ರೆ ಏನಿಲ್ಲ. ಹೇಳು.”

ತುಂಬ ಹೊತ್ತು ಬಟ್ಟೆ ಮಡಚುತ್ತಿದ್ದಳು. ಆಮೇಲೆ ಮೆಲ್ಲಗೆ, “ಕೊ ಚಾಂಗ್” ಎಂದಳು. ಆನೆ ದ್ವೀಪ! ನನಗೆ ನಗು ಬಂತು. ದೊಡ್ಡದನ್ನೇ ಕೇಳಿದ್ದಾಳೆ. ಆದರೆ ಹೇಳುವಾಗ ಮುಖದಲ್ಲಿ ಏನೋ ಮಿಂಚಿತು, ಅದನ್ನು ನಾನು ನೋಡಿದೆ. ವೈರಾಗ್ಯ ಬಂದವರ ಮುಖ ಹಾಗೆ ಮಿಂಚುವುದಿಲ್ಲ.

ಮಾರ್ಚ್ 17, ಭಾನುವಾರ

ಹೊಸ ವರ್ಷದ ನೀರಾಟದ ಗದ್ದಲ ಮುಗಿದ ಮೇಲೆ, ಏಪ್ರಿಲ್ 18ರಿಂದ 21. ತ್ರಾತ್‌ಗೆ ಬಸ್ಸು, ಅಲ್ಲಿಂದ ಹಡಗು. ದಂಡೆಗೆ ಮೂವತ್ತು ಹೆಜ್ಜೆ ದೂರದ ಕೋಣೆ. (ಫೋನ್ ಮಾಡಿ ಕೇಳಿದೆ, ಯಾರ ಹೆಜ್ಜೆ ಎಂದು. ಹುಡುಗಿ ನಕ್ಕಳು. ಇದರಲ್ಲಿ ನಗುವಂಥದ್ದು ಏನಿದೆ?) ನಾಲ್ಕು ದಿನದ ವೇಳಾಪಟ್ಟಿ ಬರೆದು ಅಮ್ಮನಿಗೆ ಓದಿ ಹೇಳಿದೆ. 6.30 ದಂಡೆಯಲ್ಲಿ ನಡಿಗೆ, 7.15 ತಿಂಡಿ, 10.00 ಮಾಲೀಶು, 1.00 ದೋಣಿಯಲ್ಲಿ ಹವಳ ನೋಡುವುದು, 4.00ರಿಂದ 5.30 ವಿಶ್ರಾಂತಿ, 6.24 ಸೂರ್ಯಾಸ್ತ.

“ಚೆನ್ನಾಗಿದೆ” ಎಂದಳು. “ಈಗ ಅಲ್ಲಿ ಗೇರುಹಣ್ಣಿನ ಕಾಲ.”

ಫೋಟೋದಲ್ಲೆಲ್ಲ ತೆಂಗಿನಮರ. ಗೇರುಮರ ಎಲ್ಲಿಂದ ಬರುತ್ತದೆ? ವಯಸ್ಸಾಯಿತು.

ಮಾರ್ಚ್ 26, ಮಂಗಳವಾರ

ಚುವೈ ಮಾವನಿಗೆ ವೇಳಾಪಟ್ಟಿ ತೋರಿಸಿದ್ದು ತಪ್ಪಾಯಿತು. ಕಿತ್ತಳೆ ಬಾವುಟದ ದೋಣಿ ನಡೆಸುವ ಮುದುಕ, ಇನ್ನೆರಡು ವರ್ಷಕ್ಕೆ ನಿವೃತ್ತಿ, ಬಾಯಿಗೆ ಮಾತ್ರ ನಿವೃತ್ತಿ ಇಲ್ಲ.

“ನಾಲ್ಕರಿಂದ ಐದೂವರೆ ವಿಶ್ರಾಂತಿ! ಏನಮ್ಮಾ ಜಿವ್, ಐದೂ ಮೂವತ್ತೊಂದಕ್ಕೆ ನಿಮ್ಮಮ್ಮ ಕಣ್ಣು ಮುಚ್ಚಿದ್ರೆ ಸೀಟಿ ಊದ್ತೀಯಾ?”

“ನಿಮ್ಮ ದೋಣಿ ನಾಲ್ಕು ನಿಮಿಷ ತಡ. ಅದನ್ನ ನೋಡ್ಕೊಳಿ ಮಾವ.”

“ಹೆಸರು ಚಿಟಿಕೆ, ಇರೋದು ಎಪ್ಪತ್ತೆಂಟು ಕಿಲೋ, ಸಿಟ್ಟು ಇನ್ನೂರು” ಎಂದು ದೋಣಿಯವರಿಗೆಲ್ಲ ಕೇಳುವ ಹಾಗೆ ಕೂಗಿ ಹೋದ. ಜಿವ್ ಎಂದರೆ ಚಿಟಿಕೆಯಷ್ಟು ಎಂದು ಊರಿಗೆಲ್ಲ ಗೊತ್ತು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುತ್ತಿದ್ದೆನಂತೆ. ಈಗ ಅದನ್ನು ಹಿಡಿದು ಆಡಿಕೊಳ್ಳಬೇಕೆ?

ಏಪ್ರಿಲ್ 9, ಮಂಗಳವಾರ

ನಿದ್ದೆ ಇಲ್ಲ. ಅಮ್ಮ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಪಕ್ಕದ ಮನೆಗೆ ಕೊಡುತ್ತಿದ್ದಾಳೆ. ಸೀಗಡಿ ಕುಟ್ಟುವ ಕಲ್ಲೂ ಹೋಯಿತು.

ಏಪ್ರಿಲ್ 18, ಗುರುವಾರ

ಬಂದು ತಲುಪಿದೆವು, ವೇಳಾಪಟ್ಟಿಗಿಂತ 50 ನಿಮಿಷ ತಡವಾಗಿ.

ಬೆಳಿಗ್ಗೆ ಪೂರ್ವದ ಕಡೆಯ ಬಸ್ ನಿಲ್ದಾಣದಲ್ಲಿ ಅಮ್ಮ ಫಲಕದ ಮುಂದೆ ನಿಂತುಬಿಟ್ಟಳು. “ಪೂರ್ವದ ಕಡೆ ಬಸ್ಸಾ?” ಎಂದಳು. “ಹೌದು, ತ್ರಾತ್‌ಗೆ. ಬೇಗ ಹತ್ತು.” ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದಳು. “ಟಿಕೆಟ್ ತಗೊಂಡಾಗಿದೆ ಅಲ್ವಾ?” ಎಂದಳು. “ಒಂದು ತಿಂಗಳ ಹಿಂದೆಯೇ!” ಎಂದೆ. “ಚೆನ್ನಾಗಿದೆ” ಎಂದು ಹತ್ತಿದಳು. ಹತ್ತುವುದಕ್ಕೆ ಮೂರು ನಿಮಿಷ.

ಗಂಟಿನಲ್ಲಿ ಏನಿದೆ ಎಂದು ಕೇಳಿದರೆ “ಏನಿಲ್ಲ, ಹಳೇ ಬಟ್ಟೆ” ಎನ್ನುತ್ತಾಳೆ. ನಾನು ಅವಳಿಗಾಗಿ ಹೂವಿನ ಚಿತ್ರದ ಹೊಸ ಅಂಗಿ ಕೊಂಡಿದ್ದೇನೆ. ಅವಳು ಹಳೆಯ ಬಟ್ಟೆ ಹೊತ್ತು ತಂದಿದ್ದಾಳೆ.

ಏಪ್ರಿಲ್ 19, ಶುಕ್ರವಾರ

ಮೂವತ್ತು ಹೆಜ್ಜೆ ಅಲ್ಲ, ನಲವತ್ತಾರು. ಮಾಲಿಕನಿಗೆ ಹೇಳಿದೆ.

ಸಮುದ್ರ ಇದೆ, ಬಿಳಿ ಮರಳಿದೆ, ಎಳನೀರು ಇದೆ. ಅಮ್ಮ ಒರಗು ಕುರ್ಚಿಯ ತುದಿಯಲ್ಲಿ, ವೈದ್ಯರ ಬಾಗಿಲಲ್ಲಿ ಕೂತವಳ ಹಾಗೆ ಕೂತಿದ್ದಾಳೆ. ಮಾಲೀಶು ಹೇಗಿತ್ತು? ಚೆನ್ನಾಗಿತ್ತು. ಹವಳ? ಚೆನ್ನಾಗಿದೆ. ಸುಟ್ಟ ಮೀನು? ಚೆನ್ನಾಗಿದೆ. ಒಂದು ಸಲವಾದರೂ ಚೆನ್ನಾಗಿಲ್ಲ ಅನ್ನಬಾರದೆ? ಅಮ್ಮನದು ಹುಟ್ಟಾ ದಾಕ್ಷಿಣ್ಯ. ಪಕ್ಕದ ಮನೆಯವರು ಹಳಸಿದ ಸಾರು ಕೊಟ್ಟರೂ ಎರಡನೇ ಸಲ ಬಡಿಸಿಕೊಳ್ಳುವವಳು. ನನ್ನ ಹತ್ತಿರವೂ ಯಾಕೆ?

4.00ರಿಂದ 5.30ರ ವಿಶ್ರಾಂತಿ ನನ್ನಿಂದ ಆಗಲಿಲ್ಲ. 4.10ಕ್ಕೆ ಎದ್ದು, ದಂಡೆಯಲ್ಲಿ ಕುರ್ಚಿ ಎಷ್ಟಿವೆ ಎಂದು ಎಣಿಸಿ ಬಂದೆ. ನೂರಾ ಹನ್ನೆರಡು.

ಏಪ್ರಿಲ್ 21, ಭಾನುವಾರ

ಹಡಗಿನಲ್ಲಿ ವಾಪಸಾಗುವಾಗ ಕೇಳಿಯೇಬಿಟ್ಟೆ. “ಅಮ್ಮ, ಪ್ರತಿ ವರ್ಷ ಹೀಗೆ ಬರೋಣ. ಆ ವಿಹಾರದ ಯೋಚನೆ ಬಿಡ್ತೀಯಾ?”

“ನೋಡೋಣ” ಎಂದಳು. ಬೇಡ ಅನ್ನಲಿಲ್ಲ. ಉಪಾಯ ಫಲಿಸಿತು! ಖುಷಿಗೆ ಹುರಿದ ಬೊಂಡಾಸು ಮೀನು ಎರಡು ಪೊಟ್ಟಣ ಕೊಂಡು ಎರಡನ್ನೂ ನಾನೇ ತಿಂದೆ. ಗಂಟನ್ನು ಅಮ್ಮ ಬಿಚ್ಚಲೇ ಇಲ್ಲ.

ಏಪ್ರಿಲ್ 23, ಮಂಗಳವಾರ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಮಧ್ಯಾಹ್ನ ಚುವೈ ಮಾವ ಊಟಕ್ಕೆ ಜೆಟ್ಟಿಯಲ್ಲಿ ಕೂತಿದ್ದ. “ಹೇಗಿತ್ತು ಕೊ ಚಾಂಗ್?” ಎಂದ. ಕೋಣೆ, ಮೀನು, ನಲವತ್ತಾರು ಹೆಜ್ಜೆ, ಎಲ್ಲ ಹೇಳಿದೆ. “ಆದ್ರೆ ಗೇರುಹಣ್ಣು ಒಂದೂ ಕಾಣ್ಲಿಲ್ಲ ಮಾವ. ಅಮ್ಮ ಅದನ್ನೇ ಕನವರಿಸ್ತಿದ್ಳು.”

ಮಾವ ಚಮಚ ಕೆಳಗಿಟ್ಟ.

“ನಿಮ್ಮಮ್ಮ ಕೇಳಿದ್ದು ಯಾವ ಕೊ ಚಾಂಗ್?”

“ಯಾವ ಅಂದ್ರೆ? ಇರೋದೊಂದೇ.”

“ನಿನ್ನ ತಲೆ! ನಮ್ಮ ರನೋಂಗ್ ಕಡೆ ಇನ್ನೊಂದಿದೆ ಕಣೆ. ಬರ್ಮಾ ಗುಡ್ಡ ಎದುರಿಗೇ ಕಾಣುತ್ತೆ. ಚಿಕ್ಕದು, ದಂಡೆಯಿಂದ ಗುಡ್ಡದ ತನಕ ಬರೀ ಗೇರುತೋಟ. ನೀನು ದೇಶದ ಪೂರ್ವದ ತುದಿಗೆ ಹೋಗಿ ಬಂದೆ, ಅದಿರೋದು ಪಶ್ಚಿಮದ ತುದೀಲಿ! ಆನೆ ಅಂದ ತಕ್ಷಣ ದೊಡ್ಡದೇ ಅನ್ಕೊಂಡ್ಯಾ?”

ಮೂರು ದೋಣಿ ಬಂದವು, ಹೋದವು. ಬರೆಯಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಅಮ್ಮ ಕಳ್ಳಿಯ ಹಾಗೆ ನೆಲ ನೋಡಿದಳು.

“ಬಸ್‌ಸ್ಟ್ಯಾಂಡ್‌ನಲ್ಲೇ ಗೊತ್ತಾಯ್ತು.”

“ಗೊತ್ತಾಗಿ ಬಾಯಿ ಮುಚ್ಕೊಂಡ್ಯಾ? ನಾಲ್ಕು ದಿನ?”

“ಅಷ್ಟು ಕಷ್ಟಪಟ್ಟು ಎಲ್ಲಾ ಬರ್ದಿದ್ದೆ. ಹೇಳಕ್ಕೆ ಮನಸ್ಸಾಗ್ಲಿಲ್ಲ.”

ಆಮೇಲೆ, ನಾನು ಕೂಗಾಡಿ ಸುಸ್ತಾದ ಮೇಲೆ, ಗಂಟು ಬಿಚ್ಚಿದಳು. ಹಸಿರು ರೇಷ್ಮೆಯ ಶಲ್ಯ. ಕುಣಿಯುವವರು ಹೆಗಲಿಗೆ ಹಾಕಿಕೊಳ್ಳುವಂಥದ್ದು. ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿದೆ.

ಅಪ್ಪ ಅಮ್ಮ ಮನೆಯವರಿಗೆ ಹೇಳದೆ ಓಡಿಹೋಗಿದ್ದರೆಂದು ಗೊತ್ತಿತ್ತು. ಹೋಗಿದ್ದು ಆ ದ್ವೀಪಕ್ಕೆ, ಗೇರುತೋಟದ ಕೂಲಿಗೆ ಎಂದು ಗೊತ್ತಿರಲಿಲ್ಲ. ಗುರುತಿನ ಚೀಟಿಯಲ್ಲಿ ನನ್ನ ಹುಟ್ಟೂರು ಚುಂಫೋನ್ ಎಂದಿದೆ. ನಾನು ಹುಟ್ಟಿದ್ದು ಅಲ್ಲಿಯಂತೆ, ಆ ದ್ವೀಪದಲ್ಲಿ. ಏಳು ತಿಂಗಳಲ್ಲಿ ನನಗೆ ಜ್ವರ ಬಂತು. ಮಳೆಗಾಲ. ಮೂರು ದಿನ ದೋಣಿ ಹೊರಡಲಿಲ್ಲ. ಮೂರನೆಯ ದಿನ ನಾನು ಹಾಲು ಬಿಟ್ಟೆ. ಅಮ್ಮ ನನ್ನನ್ನು ಎತ್ತಿಕೊಂಡು, ತೋಟದ ಅಂಚಿನಲ್ಲಿರುವ ದ್ವೀಪ ಕಾಯುವ ಅಜ್ಜದೇವರ ಗುಡಿಗೆ ಹೋಗಿ ಹರಕೆ ಹೊತ್ತಳು: ಇವಳು ಉಳಿದರೆ, ದೊಡ್ಡವಳಾದ ಮೇಲೆ ಇವಳೇ ಬಂದು ನಿನ್ನ ಮುಂದೆ ಕುಣಿಯುತ್ತಾಳೆ.

ಮಾರನೆಯ ವರ್ಷ ಅಲ್ಲಿಂದ ಬಂದುಬಿಟ್ಟರು. ಹರಕೆ ಅಲ್ಲೇ ಉಳಿಯಿತು.

“ನಲವತ್ತಮೂರು ವರ್ಷ! ಒಂದು ಸಲಾನೂ ಹೇಳ್ಬಾರ್ದಾ?”

“ಹೇಳೋಣ ಅಂದಾಗೆಲ್ಲ ನೀನು ಗಡಿಯಾರ ನೋಡ್ತಿದ್ದೆ.”

ಸಿಟ್ಟಿನಿಂದ ಹೇಳಲಿಲ್ಲ. ಹಾಗೇ ಹೇಳಿದಳು. “ಬೇಕಾದ್ದನ್ನ ಬೇಕು ಅನ್ನಮ್ಮ, ಬೇಡದ್ದನ್ನ ಬೇಡ ಅನ್ನು. ನಂಗೆ ಹೇಗೆ ಗೊತ್ತಾಗ್ಬೇಕು?” ಎಂದೆ.

“ನನ್ನ ಕಣ್ಣಿನ ಆಪರೇಷನ್ ದಿನ ‘ಹೋಗು, ನಿನ್ನ ದೋಣಿ ಹೊತ್ತಾಯ್ತು’ ಅಂದೆ. ನೀನು ಹೋಗೇಬಿಟ್ಟೆ” ಎಂದು ನಕ್ಕಳು. “ಪರವಾಗಿಲ್ಲ. ನರ್ಸು ಒಳ್ಳೆಯವಳಿದ್ಳು.”

ಕೊನೆಗೆ ಇನ್ನೊಂದು ಮಾತು. ಹಿರಿಯಮ್ಮ ಹೇಳಿದ್ದಾಳಂತೆ, ಹರಕೆ ಉಳಿಸಿಕೊಂಡು ಬಿಳಿ ಉಡಬಾರದು, ಮನಸ್ಸು ಹಿಂದಕ್ಕೇ ಎಳೆಯುತ್ತದೆ ಎಂದು. “ಇನ್ನು ಮಳೆ ಬಂದ್ಬಿಡುತ್ತೆ. ಆಗ್ಲಿಲ್ಲ ಅಂದ್ರೆ ಬಿಡು. ಮನೇಲೇ ಇದ್ಬಿಡ್ತೀನಿ.”

ಏಪ್ರಿಲ್ 24, ಬುಧವಾರ

ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಮೂರು ವಾರದಲ್ಲಿ ರನೋಂಗ್‌ನಲ್ಲಿ ಮಳೆ ಹಿಡಿಯುತ್ತದೆ, ದೋಣಿ ನಿಲ್ಲುತ್ತದೆ, ಅಮ್ಮ ಮನೆಯಲ್ಲಿರುತ್ತಾಳೆ. ಗೆದ್ದೆ.

ಏಪ್ರಿಲ್ 25, ಗುರುವಾರ

ಅನ್ನ ಸೇರುತ್ತಿಲ್ಲ.

ಏಪ್ರಿಲ್ 27, ಶನಿವಾರ

ಪಕ್ಕದ ಮನೆಯಿಂದ ಕುಟ್ಟುವ ಕಲ್ಲನ್ನು ಅಮ್ಮ ವಾಪಸು ತಂದಿದ್ದಾಳೆ. ಸಂಕೋಚಪಟ್ಟುಕೊಂಡು ಕೇಳಿರಬೇಕು. ತೊಳೆದು, ಇದ್ದ ಜಾಗದಲ್ಲೇ ಇಟ್ಟಿದ್ದಾಳೆ. ನನಗಿಷ್ಟ ಎಂದು ಸೀಗಡಿ ಚಟ್ನಿ ಕುಟ್ಟಿದಳು. “ಖಾರ ಸರಿಯಾಗಿದ್ಯಾ?” ಎಂದಳು. “ಚೆನ್ನಾಗಿದೆ” ಎಂದೆ. ಖಾರದ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಗೆದ್ದವಳಿಗೆ ಇಷ್ಟೊಂದು ಅಳು ಯಾಕೆ? ನನ್ನ ಮೇಲೇ ನನಗೆ ಅಸಹ್ಯ. ನಾನು ಬದುಕಲಿ ಎಂದು ಹೊತ್ತ ಹರಕೆಯಿಂದಲೇ ಅವಳ ಕಾಲು ಕಟ್ಟಿ ಹಾಕಿ ಕೂತಿದ್ದೇನೆ.

ಏಪ್ರಿಲ್ 29, ಸೋಮವಾರ

ಎರಡನೇ ಸಲ ರಜ ಕೇಳಿದೆ. ಮ್ಯಾನೇಜರ್ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದ. “ಎಲ್ಲಿಗೆ?” ಎಂದ. “ಕೊ ಚಾಂಗ್.” “ಮೊನ್ನೆ ತಾನೇ ಹೋಗಿದ್ರಲ್ಲ?” “ಅದು ಬೇರೆ ಆನೆ” ಎಂದೆ.

ಬಸ್ಸಿಗೆ ಎರಡು ಸೀಟು, ಮೇ 9ರ ಸಂಜೆ. ಈ ಸಲ ದಕ್ಷಿಣದ ನಿಲ್ದಾಣದಿಂದ. ಚುವೈ ಮಾವ ಫೋನ್ ಮಾಡಿ ತನ್ನ ಷಡ್ಡಕನಿಗೆ ಹೇಳಿದ್ದಾನೆ. ಅವನು ಸಾಮಾನಿನ ದೋಣಿ ನಡೆಸುತ್ತಾನಂತೆ. ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿದೆ. “ಐಸ್ ತುಂಬಿದ ಮೇಲೆ” ಎಂದ. ಐಸ್ ಎಷ್ಟು ಗಂಟೆಗೆ ತುಂಬುತ್ತಾರೆ? “ಐಸ್ ಬಂದ ಮೇಲೆ.”

ಮೇ 4, ಶನಿವಾರ

ಅಮ್ಮ ಅಡುಗೆಮನೆಯಲ್ಲಿ ಕುಣಿತ ಹೇಳಿಕೊಡುತ್ತಿದ್ದಾಳೆ. ಶಾಲೆಯಲ್ಲಿ ಕಲಿತದ್ದು ಮರೆತಿದೆ.

“ಬೆರಳು ಹಿಂದಕ್ಕೆ ಬಾಗ್ಬೇಕು. ಟಿಕೆಟ್ ಕೇಳೋ ಹಾಗೆ ಕೈ ಚಾಚ್ಬೇಡ!”

“ಬಾಗಲ್ಲಮ್ಮ, ನಲವತ್ತನಾಲ್ಕು ವರ್ಷದ ಬೆರಳು.”

“ಅಜ್ಜನಿಗೆ ಪರವಾಗಿಲ್ಲ, ಕಾದು ಕಾದು ಅವನ ಕಣ್ಣೂ ಮಂಜಾಗಿರುತ್ತೆ.”

ನಗುತ್ತಾ ಒಲೆಯ ಪಕ್ಕ ಕೂತುಬಿಟ್ಟಳು. ಅಪ್ಪ ಹೋದ ಮೇಲೆ ಅಮ್ಮ ಹೀಗೆ ನಕ್ಕಿದ್ದು ಕಂಡಿರಲಿಲ್ಲ. ಹೊರಗೆ ಮೋಡ. ರನೋಂಗ್‌ನಲ್ಲಿ ಮಳೆ ಶುರುವಾಯಿತೇ ಎಂದು ನಾಲ್ಕು ಸಲ ಫೋನಿನಲ್ಲಿ ನೋಡಿದೆ. ನಾನೇ ಬರಲಿ ಎಂದು ಬಯಸಿದ್ದ ಮಳೆ. ಈಗ ತಡೆ ಮಾರಾಯ, ಒಂದು ವಾರ ತಡೆ ಎನ್ನುತ್ತಿದ್ದೇನೆ.

ಮೇ 10, ಶುಕ್ರವಾರ

ರನೋಂಗ್. ಗಾಳಿ ಜೋರು, ದೋಣಿ ಇಲ್ಲ. ಮೀನಿನ ಕಟ್ಟೆಯ ಹತ್ತಿರ ಒಂದು ಕೋಣೆ ಹಿಡಿದಿದ್ದೇವೆ. ಅಮ್ಮ ಕಿಟಕಿಯಲ್ಲಿ ಕೂತಿದ್ದಾಳೆ. “ಆಗ್ದಿದ್ರೆ ವಾಪಸ್ ಹೋಗೋಣ, ನಿನ್ನ ಕೆಲ್ಸ” ಎಂದಳು. “ಅಮ್ಮ, ದಾಕ್ಷಿಣ್ಯ ಸಾಕು” ಎಂದೆ. ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, “ಹೋಗ್ಲೇಬೇಕು ಅಂತಿದೆ” ಎಂದಳು. ನಲವತ್ತನಾಲ್ಕು ವರ್ಷದಲ್ಲಿ ಅವಳು ನನ್ನ ಹತ್ತಿರ ಏನನ್ನಾದರೂ ಬೇಕು ಎಂದದ್ದು ಇದೇ ಮೊದಲು.

ಮೇ 12, ಭಾನುವಾರ

ಮಾವನ ಷಡ್ಡಕ ನಿನ್ನೆ ಬೆಳಿಗ್ಗೆ ಆಕಾಶ ನೋಡಿ, “ಇವತ್ತು ಬಿಟ್ರೆ ಇಲ್ಲ. ಹತ್ತಿ” ಎಂದ. ಐಸ್ ಪೆಟ್ಟಿಗೆಗಳ ನಡುವೆ ಕೂತೆವು. ಅಮ್ಮ ಎರಡು ಸಲ ವಾಂತಿ ಮಾಡಿಕೊಂಡು ಮೂರನೆಯ ಸಲಕ್ಕೆ ನಕ್ಕಳು. “ನೋಡು, ಬರ್ಮಾ ಗುಡ್ಡ” ಎಂದು ಕೈ ತೋರಿಸಿದಳು.

ಜೆಟ್ಟಿ ಇಲ್ಲ. ಮೊಣಕಾಲುದ್ದ ನೀರಿಗೆ ಇಳಿದು ದಡಕ್ಕೆ ನಡೆದೆವು. ಮೇಲೆಲ್ಲ ಗೇರುಮರ, ನೆಲದ ತುಂಬ ಕೆಂಪು ಹಣ್ಣು ಉದುರಿ ಹುಳಿ ವಾಸನೆ. ಅಮ್ಮ ಯಾರನ್ನೂ ದಾರಿ ಕೇಳಲಿಲ್ಲ. ಸೀದಾ ನಡೆದಳು. ಗುಡಿ ಇತ್ತು. ಕಂಬದ ಮೇಲೆ ಹಕ್ಕಿಗೂಡಿನಷ್ಟು ಮನೆ, ಸುತ್ತಿದ ಮಾಸಲು ಬಟ್ಟೆಪಟ್ಟಿಗಳು, ಕಾಲು ಮುರಿದ ಮರದ ಆನೆಗಳು, ಯಾರೋ ಇಟ್ಟ ಕೆಂಪು ಸೋಡಾ ಬಾಟಲಿ, ಅದರಲ್ಲೊಂದು ಕೊಳವೆ. ಅಮ್ಮ ಮಂಡಿಯೂರಿ ಊದುಬತ್ತಿ ಹಚ್ಚಿದಳು.

“ಅಜ್ಜಾ, ಲಮೂನ್ ಬಂದಿದೀನಿ. ತಡವಾಯ್ತು. ಹುಡುಗೀನ ಕರ್ಕೊಂಡು ಬಂದಿದೀನಿ ನೋಡು, ಚಿಟಿಕೆಯಷ್ಟಿದ್ಳು, ಎಷ್ಟು ದಪ್ಪ ಆಗಿದಾಳೆ.”

ಹಸಿರು ಶಲ್ಯ ನನ್ನ ಹೆಗಲಿಗೆ ಹಾಕಿದಳು. ವಾದ್ಯ ಇಲ್ಲ. ಅಮ್ಮ ಚಪ್ಪಾಳೆ ತಟ್ಟಿ, ನನ್ನನ್ನು ಮಲಗಿಸುವಾಗ ಹಾಡುತ್ತಿದ್ದುದನ್ನು ಹಾಡಿದಳು. ನಾನು ಕುಣಿದೆ. ಕೆಟ್ಟದಾಗಿ ಕುಣಿದೆ. ಎರಡು ನಾಯಿ, ತೋಟದ ಒಬ್ಬ ಮುದುಕಿ, ಮರದ ಮೇಲೆ ಒಂದು ಮಂಗಟ್ಟೆ ಹಕ್ಕಿ, ಇಷ್ಟು ಜನ ನೋಡಿದರು. ಕಾಲಿನ ಕೆಳಗೆ ಗೇರುಹಣ್ಣು ಪಿಚಕ್ಕನೆ ಒಡೆದು ಎರಡು ಸಲ ಜಾರಿದೆ. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು, ತೆಗೆದಿಡಲು ಮರೆತಿದ್ದೆ. ಇದು ಮುಗಿದರೆ ಅಮ್ಮ ಹೋಗುತ್ತಾಳೆ ಎಂದು ಗೊತ್ತಿತ್ತು. ಅದಕ್ಕೇ ನಿಲ್ಲಿಸಲಿಲ್ಲ. ಅಮ್ಮ ಹಾಡು ಮುಗಿಸಿದಳು, ನಾನು ಇನ್ನೂ ಕುಣಿಯುತ್ತಿದ್ದೆ, ಅವಳು ಮತ್ತೆ ಮೊದಲಿನಿಂದ ಹಾಡಿದಳು. ಎಷ್ಟು ಸಲ ಹಾಡಿದಳೋ.

“ಸಾಕು ಮಗಳೆ” ಎಂದಳು ಕೊನೆಗೆ. “ಅಜ್ಜ ನೋಡಿದ. ಸಾಕು.”

ಆಮೇಲೆ ಮರಳಿನಲ್ಲಿ ಕಾಲು ಚಾಚಿ ಕೂತೆವು. ಗೇರುಹಣ್ಣು ಉಪ್ಪು ಹಚ್ಚಿಕೊಂಡು ತಿಂದೆವು. ಅಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕಾಲು ಜೋಮು ಹಿಡಿಯಿತು. ಅಲುಗಾಡಲಿಲ್ಲ. ಸಮುದ್ರ ದೂರ ಹೋಗಿ, ಮತ್ತೆ ಹತ್ತಿರ ಬಂತು.

ಮೇ 22, ವೈಶಾಖ ಹುಣ್ಣಿಮೆ

ಅಮ್ಮನ ಕೂದಲಿನ ಮೊದಲ ಕುಚ್ಚನ್ನು ನಾನೇ ಕತ್ತರಿಸಿದೆ. ತಾವರೆ ಎಲೆಯ ಮೇಲೆ ಇಟ್ಟೆ. ಉಳಿದದ್ದನ್ನು ಹಿರಿಯಮ್ಮ ಬೋಳಿಸಿದಳು. ಅಮ್ಮನ ತಲೆ ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ. ಅಂಗೈಯಲ್ಲಿ ಹಿಡಿಯಬಹುದು. ಕಿವಿಯ ಹಿಂದೆ ಒಂದು ಮಚ್ಚೆ ಇದೆ, ನನಗೂ ಅಲ್ಲೇ ಇದೆ.

ಬಿಳಿಬಟ್ಟೆ ಉಟ್ಟು ಬಂದಳು. ಇನ್ನು ಮೇಲೆ ಅವಳಿಗೆ ನಾನು ಕೈಮುಗಿಯಬೇಕು. ಮುಗಿದು, ಅತ್ತುಬಿಟ್ಟೆ. ಚುವೈ ಮಾವ ಬಂದಿದ್ದ, ಅವನೂ ಅತ್ತು, ಹೊಗೆ ಕಣ್ಣಿಗೆ ಹೋಯಿತು ಎಂದ.

ಎಲ್ಲರೂ ಹೋದ ಮೇಲೆ ನಾವಿಬ್ಬರೇ ವಿಹಾರದ ಮೆಟ್ಟಿಲ ಮೇಲೆ ಕೂತಿದ್ದೆವು. ಎದುರಿಗೆ ನದಿ. ಕಿತ್ತಳೆ ಬಾವುಟದ ದೋಣಿಯೊಂದು ದಡಕ್ಕೆ ಬಂತು, ಹುಡುಗಿಯೊಬ್ಬಳು ಸೀಟಿ ಊದಿದಳು, ಹೋಯಿತು. ಇನ್ನೊಂದು ಬಂತು.

ಅಮ್ಮ ತಲೆ ಸವರಿಕೊಂಡಳು. ನನ್ನ ಕಡೆ ನೋಡಲಿಲ್ಲ.

“ಹೋಗು ಜಿವ್” ಎಂದಳು. “ನಿನ್ನ ದೋಣಿ ಹೊತ್ತಾಯ್ತು.”

ನಾನು ಕೂತೇ ಇದ್ದೆ.